ಗೋಡೆಗೆ ತಾಗಿ

ಮೊರದಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದೆ. ಇದ್ದಕ್ಕಿದ್ದಂತೆ ಕಲ್ಲು ಯಾವುದು, ಅಕ್ಕಿ ಯಾವುದು ಕಾಣದಾಯಿತು. ಮೋಡ ಬಂತೇನೋ ಎಂದು ತಲೆ ಎತ್ತಿದೆ. ನನ್ನ ಗಂಡ ಉಮಾಪತಿಯ ಕಿಟಕಿ ಇರಲಿಲ್ಲ. ಅದಿದ್ದ ಜಾಗದಲ್ಲಿ ಗೋಡೆ ಇತ್ತು, ಆಗಷ್ಟೇ ಸುಣ್ಣ ಬಳಿದ ಹಾಗೆ ನುಣ್ಣಗೆ. ಕಿಟಕಿಕಟ್ಟೆಯ ಮೇಲೆ ಅವನು ಇಟ್ಟುಕೊಳ್ಳುತ್ತಿದ್ದ, ಗಡ್ಡ ಮಾಡಿಕೊಳ್ಳುವ ಕನ್ನಡಿ ಹಾಸಿಗೆಯ ಮೇಲೆ ಬಿದ್ದಿತ್ತು. ಒಡೆದಿರಲಿಲ್ಲ.

"ಅತ್ತೆ, ಒಂದ್ಸಲ ಇಲ್ಲಿ ಬನ್ನಿ" ಎಂದೆ. ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. ಬಾಗಿಲಲ್ಲೇ ನಿಂತರು. ಆಮೇಲೆ ಒಳಗೆ ಬಂದು ಗೋಡೆಯ ಮೇಲೆ ಎರಡೂ ಅಂಗೈ ಇಟ್ಟು, ಹಾಗೇ ಕುಸಿಯುತ್ತಾ ಕುಸಿಯುತ್ತಾ ನೆಲಕ್ಕೆ ಕೂತರು. ಉಮಾಪತಿ ನೀರು ಸರಬರಾಜಿನ ಕಚೇರಿಯಲ್ಲಿ ಕೆಲಸಕ್ಕಿದ್ದ. ಬೆಳಗ್ಗೆ ಜೀಪಿನಲ್ಲಿ ಗುಡ್ಡದ ಮೇಲಿನ ಟ್ಯಾಂಕು ನೋಡಿಬರಲು ಹೋಗಿದ್ದ. ಫೋನು ಬಂದಾಗ ಸಂಜೆಯಾಗಿತ್ತು. ಆ ಕಡೆ ಇದ್ದವನು ಚಿಕ್ಕ ವಯಸ್ಸಿನವನು. ಹೇಗೆ ಹೇಳುವುದೆಂದು ತಿಳಿಯದೆ "ಮೇಡಂ, ಅದು, ಜೀಪು" ಎಂದು ತಡವರಿಸುತ್ತಿದ್ದ. "ಗೊತ್ತು" ಎಂದೆ. ಅವನಿಗೆ ನಿರಾಳವಾಯಿತು.

ನಮ್ಮ ಊರಿನಲ್ಲಿ ಹಾಗೆಯೇ. ಬರುವವರಿಗೆ ಗೋಡೆ ಕಣ್ಣು ಬಿಡುತ್ತದೆ, ಹೋದವರ ಕಿಟಕಿ ಮುಚ್ಚಿಕೊಳ್ಳುತ್ತದೆ. ಬೇರೆ ಊರುಗಳಲ್ಲಿ ಕಿಟಕಿಯನ್ನು ಗಾರೆಯವರು ಇಡುತ್ತಾರೆ. ಎಂಎಸ್ಸಿ ಓದಲು ಯೂನಿವರ್ಸಿಟಿಗೆ ಹೋದಾಗ ಹಾಸ್ಟೆಲಿನ ಕೋಣೆಯಲ್ಲಿ ನಾವು ನಾಲ್ಕು ಜನ, ಕಿಟಕಿ ಒಂದೇ. ಉಳಿದವರು ಬದುಕಿರುವವರೇ ಎಂದು ತಿಳಿಯದೆ, ಅವರ ಜೊತೆ ಮಾತಾಡಲು ಮೊದಲ ದಿನಗಳಲ್ಲಿ ನನಗೆ ಭಯವಾಗುತ್ತಿತ್ತು. ನನ್ನ ಕಿಟಕಿ ತವರಿನ ಅಡುಗೆಮನೆಯ ಪಕ್ಕದಲ್ಲಿದೆ. ಅಮ್ಮ ಬೆಳಗ್ಗೆ ಎದ್ದು ಮೊದಲು ಅದನ್ನು ನೋಡಿ ಆಮೇಲೆ ಕಾಫಿ ಕುಡಿಯುತ್ತಾಳೆ. ಹಾಗಾಗಿ ಗಂಡನ ಮನೆಯಲ್ಲಿ ನಮ್ಮ ಕೋಣೆಗೆ ಇದ್ದದ್ದು ಅವನ ಕಿಟಕಿಯೊಂದೇ. ಅದು ಹೋದ ಮೇಲೆ ಹಗಲೂ ಬಲ್ಬು ಹಾಕಬೇಕಾಯಿತು.

ಸಾವಾದ ಮನೆಯಲ್ಲಿ ಹೆಂಡತಿ ಗೋಡೆಗೆ ತಾಗಿ ಮಲಗಬಾರದು. ಮಾಸಿಕ ಕಳೆಯುವವರೆಗೆ ನಡುಮನೆಯ ಮಧ್ಯದಲ್ಲಿ, ನಾಲ್ಕೂ ಗೋಡೆಗಳಿಂದ ದೂರ ಅವಳ ಚಾಪೆ. ಯಾಕೆ ಎಂದು ಯಾರೂ ಕೇಳುವುದಿಲ್ಲ. ಗೋಡೆಗಳಿಗೂ ಸ್ವಲ್ಪ ಸಮಯ ಬೇಕು ಎಂದು ಅತ್ತೆ ಒಮ್ಮೆ ಹೇಳಿದ್ದರು. ನಾನು ಅಲ್ಲಿ ಮಲಗಿದೆ. ಎಲ್ಲರೂ ನನ್ನ ಚಾಪೆಯನ್ನು ಸುತ್ತುಹಾಕಿಕೊಂಡು ಓಡಾಡಿದರು. ಕೊಟ್ಟಿದ್ದನ್ನು ತಿಂದೆ, ತಿಂದದ್ದನ್ನು ವಾಂತಿ ಮಾಡಿಕೊಂಡೆ. "ಸಂಕಟ ಹೊಟ್ಟೆಗೆ ಇಳಿದಿದೆ" ಎಂದರು ಅತ್ತೆ. ಇರಬಹುದು ಎಂದುಕೊಂಡೆ. ಸಂಕಟ ಇನ್ನೆಲ್ಲೂ ಕಾಣುತ್ತಿರಲಿಲ್ಲ. ನನಗೆ ಅಳು ಬಂದಿರಲಿಲ್ಲ.

ಆ ದಿನಗಳಲ್ಲಿ ನನ್ನ ತಲೆ ಬಾಚಿದವಳು ಅಕ್ಕ. ಅಕ್ಕ ಎಂದರೆ ಉಮಾಪತಿಯ ಅಣ್ಣ ಪಶುಪತಿ ಭಾವನ ಹೆಂಡತಿ, ಶಾಂಭವಿ. ತಂಗಿಯರ ಮದುವೆಗಳೆಲ್ಲ ಮುಗಿಸಿ, ಮೂವತ್ತಾರಕ್ಕೆ ತಾನು ಮದುವೆಯಾಗಿ ಬಂದವಳು. ಈಗ ನಲವತ್ಮೂರು. ಅವಳ ಕೆಲಸ ಪರದೆ ಹೊಲಿಯುವುದು. ಗೋಡೆ ಕಣ್ಣು ಬಿಟ್ಟ ಮೇಲೆ ಮಗು ಹುಟ್ಟುವ ತನಕ ಆ ಕಿಟಕಿಯಿಂದ ಯಾರೂ ಇಣುಕಬಾರದು. ತಾಯಿಯ ಧಾರೆ ಸೀರೆಯನ್ನು ಕತ್ತರಿಸಿ ಅದಕ್ಕೊಂದು ಪರದೆ ಹಾಕಬೇಕು. ನಮ್ಮ ಬೀದಿಯಲ್ಲಿ, ಮೇಲಿನ ಬೀದಿಯಲ್ಲಿ, ಸಂತೆಪೇಟೆಯಲ್ಲಿ ಹುಟ್ಟಿದ ಮಕ್ಕಳಲ್ಲಿ ಹೆಚ್ಚಿನವರು ಅಕ್ಕ ಹೊಲಿದ ಪರದೆಯ ಹಿಂದೆಯೇ ಬೆಳೆದವರು. ಹೆಂಗಸರು ರೇಷ್ಮೆ ಸೀರೆ ತಂದು ಅವಳ ಮುಂದೆ ಹರವಿ "ಕತ್ತರಿ ಹಾಕೋಕೆ ಮನಸ್ಸೇ ಬರಲ್ಲ ಶಾಂಭವಿ" ಎನ್ನುತ್ತಿದ್ದರು. "ನೀವು ಆ ಕಡೆ ತಿರುಗಿ, ನಾನು ಹಾಕ್ತೀನಿ" ಎನ್ನುತ್ತಿದ್ದಳು ಅಕ್ಕ.

ಅವಳ ಕೋಣೆಯ ತೆಂಕಣ ಗೋಡೆಯಲ್ಲಿ ಮೂರು ಗೂಡುಗಳಿದ್ದವು. ಮಂಚದ ಎತ್ತರಕ್ಕೆ, ಒಂದರ ಪಕ್ಕ ಒಂದು. ಬಸುರಿ ತಾಗಿ ಮಲಗುವ ಗೋಡೆ ಒಳಗಿನಿಂದ ಗುಳಿ ಬಿಡಲು ಶುರುಮಾಡಿ, ಹೊರಗಿನ ಬೆಳಕು ಮುಟ್ಟುವ ಮೊದಲೇ ನಿಂತರೆ ಗೂಡಾಗಿ ಉಳಿಯುತ್ತದೆ. ಬಹಳ ಮನೆಗಳಲ್ಲಿ ಇಂಥ ಗೂಡುಗಳಿವೆ. ಜನ ಅದರಲ್ಲಿ ಬೀಗದ ಕೈ ಇಡುತ್ತಾರೆ, ಟಾರ್ಚು ಇಡುತ್ತಾರೆ, ಉಪ್ಪಿನ ಭರಣಿ ಇಡುತ್ತಾರೆ. ಅಕ್ಕ ಏನೂ ಇಡುತ್ತಿರಲಿಲ್ಲ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಒಂದು ಸಲ ಅತ್ತೆ ಮರೆತು ಬೆಂಕಿಪೊಟ್ಟಣ ಇಟ್ಟಿದ್ದಕ್ಕೆ ಅದನ್ನು ಅಂಗಳಕ್ಕೆ ಎಸೆದಿದ್ದಳು. ಮೊದಲ ಬಸಿರು ತಾನಾಗಿಯೇ ಆದದ್ದು. ಮೂರನೇ ತಿಂಗಳಲ್ಲಿ ಹೋಯಿತು. ಉಳಿದೆರಡು ಕೆಳಪೇಟೆಯ ಡಾಕ್ಟರ್ ಅನಸೂಯ ಅವರ ಚಿಕಿತ್ಸೆಯಲ್ಲಿ ಬಂದು ಹೋದವು.

ಆ ಚಿಕಿತ್ಸೆ ನಡೆಯುವಾಗ ನಮ್ಮ ಫ್ರಿಜ್ಜಿನಲ್ಲಿ ಹಾಲಿನ ಪ್ಯಾಕೆಟ್ಟಿನ ಪಕ್ಕದಲ್ಲಿ ಇಂಜೆಕ್ಷನ್ನುಗಳಿರುತ್ತಿದ್ದವು. ಸಂಜೆ ಭಾವ ಕೈ ತೊಳೆದು, ಕನ್ನಡಕ ಹಾಕಿಕೊಂಡು, ಸೂಜಿ ಹಿಡಿದು ಅಕ್ಕನ ಹೊಟ್ಟೆಯ ಮುಂದೆ ಮಂಡಿಯೂರುತ್ತಿದ್ದರು. "ಚುಚ್ಚಲಾ?" ಎನ್ನುತ್ತಿದ್ದರು, ಪ್ರತಿ ಸಲವೂ. "ಇಲ್ಲ, ಮುದ್ದು ಮಾಡಿ. ಚುಚ್ರೀ ಬೇಗ, ಅನ್ನ ಇಟ್ಟು ಬಂದಿದೀನಿ" ಎನ್ನುತ್ತಿದ್ದಳು ಅಕ್ಕ. ಭಾವ ಕಣ್ಣು ಮುಚ್ಚಿಕೊಂಡು ಚುಚ್ಚುತ್ತಿದ್ದರು. "ಕಣ್ಣು ಬಿಟ್ಕೊಂಡು ಚುಚ್ಚಿ ಮಹಾರಾಯ್ರೆ, ಮಂಚಕ್ಕೆ ಚುಚ್ಚೀರಿ!" ಗೋಡೆಯ ಈಚೆ ನಾನೂ ಉಮಾಪತಿಯೂ ನಕ್ಕು ನಕ್ಕು ಬಾಯಿಗೆ ದಿಂಬು ಒತ್ತಿಕೊಳ್ಳುತ್ತಿದ್ದೆವು.

ಉಮಾಪತಿ ತೀರಿಹೋದಾಗ ಡಾಕ್ಟರ ಬಳಿ ಅಕ್ಕನದೊಂದು ಭ್ರೂಣ ಉಳಿದಿತ್ತು, ಹೆಪ್ಪುಗಟ್ಟಿಸಿ ಇಟ್ಟದ್ದು. ಅದು ಕೊನೆಯದು. ಇನ್ನು ಮೊಟ್ಟೆ ತೆಗೆಯುವುದರಲ್ಲಿ ಅರ್ಥವಿಲ್ಲ ಎಂದು ಡಾಕ್ಟರು ನೇರವಾಗಿಯೇ ಹೇಳಿದ್ದರು. ಮಾಸಿಕ ಕಳೆದ ದಿನ ಅಕ್ಕ ಅತ್ತೆಯ ಮುಂದೆ ಬಂದು ನಿಂತಳು. "ಈ ಸಲ ಬೇಡ ಅಂತ ಹೇಳಿಬಿಡ್ತೀನಿ ಅತ್ತೆ. ಸಾವಾದ ಮನೆ. ಹೈಮಳ ಮುಂದೆ ಹೇಗೆ" ಎಂದಳು. ಅತ್ತೆ ನನ್ನ ಕಡೆ ನೋಡಲಿಲ್ಲ. "ಒಂದು ಮುಚ್ಚಿದೆ. ಇನ್ನೊಂದು ತೆರೀಲಿ. ಹೋಗಿ ಬಾ" ಎಂದರು.

ಹೋಗುವ ಮೊದಲು ಅಕ್ಕ ತನ್ನ ಮಂಚದ ದಿಕ್ಕು ಬದಲಿಸಿದಳು. ಗೂಡುಗಳಿದ್ದ ಗೋಡೆಯ ಮೇಲೆ ಅವಳಿಗೆ ನಂಬಿಕೆ ಹೋಗಿತ್ತು. ತಲೆಹಲಗೆಯನ್ನು ಪಡುವಣ ಗೋಡೆಗೆ ಒತ್ತಿಸಿ, "ಇದು ಹೊಸ ಗೋಡೆ, ಇದಕ್ಕಿನ್ನೂ ನಮ್ಮ ಹಣೆಬರಹ ಗೊತ್ತಿಲ್ಲ" ಎಂದಳು. ಭ್ರೂಣ ಇರಿಸಿಕೊಂಡು ಬಂದ ಮೇಲೆ ಭಾವನ ಹಾಸಿಗೆ ಜಗುಲಿಗೆ ಹೋಯಿತು. ಅಕ್ಕನಿಗೆ ಭಾರ ಎತ್ತುವ ಹಾಗಿಲ್ಲ, ಬಗ್ಗುವ ಹಾಗಿಲ್ಲ. ನಡುಮನೆಯಲ್ಲಿದ್ದ ನನ್ನ ಚಾಪೆಯನ್ನು ಅತ್ತೆ ಸುತ್ತಿ ತಂದು ಅಕ್ಕನ ಕೋಣೆಯ ಮೂಡಣ ಗೋಡೆಯ ಬುಡಕ್ಕೆ ಹಾಸಿದರು. "ನಿನಗೂ ಒಂದು ಗೋಡೆ ಬೇಕಲ್ಲ" ಎಂದರು. ಎಷ್ಟೋ ದಿನಗಳ ಮೇಲೆ ಬೆನ್ನಿಗೆ ತಂಪು ತಾಗಿತು. ನಾನು ನಿದ್ದೆ ಮಾಡಿದೆ.

ಒಂದು ಬೆಳಗ್ಗೆ ಅಕ್ಕನ ದನಿ ಕೇಳಿತು. "ಹೈಮಾ, ಅಲ್ಲಾಡಬೇಡ."

ಚೇಳೋ ಹಾವೋ ಎಂದು ನಾನು ಹಾಗೇ ಮಲಗಿದ್ದೆ. ಅಕ್ಕ ಮಂಚದಿಂದ ಇಳಿದು, ಬಗ್ಗಬಾರದೆಂಬುದನ್ನು ಮರೆತು, ನನ್ನ ಹಿಂದೆ ಕೂತಳು. ನನ್ನ ಬೆನ್ನಿನ ಮೇಲೆ ಅವಳ ಬೆರಳು ಮೆಲ್ಲಗೆ ಸುತ್ತು ಬರೆಯಿತು. ರೂಪಾಯಿಯಷ್ಟಗಲ ಬಿಸಿಲು ಅಲ್ಲಿ ಬಿದ್ದಿತ್ತಂತೆ. ಗೋಡೆಯಲ್ಲಿ, ನೆಲದಿಂದ ಒಂದು ಗೇಣು ಮೇಲೆ, ಕಣ್ಣು ಬಿಟ್ಟಿತ್ತು. ಹಿಂದಿನ ಮೂರೂ ಬೆಳಕು ಕಾಣದೆ ನಿಂತವು. ಇದು ಬಂದದ್ದೇ ಬೆಳಕಿನೊಂದಿಗೆ. ಅಕ್ಕ ಕೂಗಲಿಲ್ಲ. ಸೆರಗನ್ನು ಬಾಯಿಗೆ ತುರುಕಿಕೊಂಡು, ಬಿಸಿಲಿಗೆ ಅಂಗೈ ಒಡ್ಡಿ ಕೂತಿದ್ದಳು. ಭಾವ ಓಡಿಬಂದು, ನೋಡಿ, ಜಗುಲಿಗೆ ಹೋಗಿ ಚಪ್ಪಲಿಗಳನ್ನೆಲ್ಲ ಸಾಲಾಗಿ ಜೋಡಿಸತೊಡಗಿದರು.

ಎದುರುಮನೆ ದಾಕ್ಷಾಯಣಮ್ಮ ಬೆಲ್ಲ ಹಿಡಿದುಕೊಂಡು ಬಂದರು. ಸೊಂಟಕ್ಕೆ ಕೈಕೊಟ್ಟು ಬಗ್ಗಿ ನೋಡಿ, "ಇದೇನೇ ಶಾಂಭವಿ, ನೆಲದಲ್ಲೇ ಬಿಟ್ಟಿದೆ! ಮಗೂಗಾ, ಬೆಕ್ಕಿಗಾ?" ಎಂದರು.

"ನಂಗೂ ವಯಸ್ಸಾಯ್ತಲ್ಲ ದಾಕ್ಷಾಯಣಮ್ನೋರೆ. ಮೇಲೆ ಹತ್ತೋಕೆ ಅದಕ್ಕೂ ದಮ್ಮು ಸಾಲ್ಲಿಲ್ಲ."

"ಅಲ್ಲಾ, ನೀನು ಮಲಗೋದು ಆ ಕಡೆ. ಇದು ಈ ಕಡೆ ಬಿಟ್ಟಿದೆ."

"ಮಧ್ಯಾಹ್ನವೆಲ್ಲ ಇವಳ ಚಾಪೆ ಮೇಲೆ ಈ ಗೋಡೆಗೆ ಒರಗಿಕೊಂಡೇ ಪರದೆಗೆ ಅಂಚು ಹೊಲೀತಿರ್ತೀನಲ್ಲ. ಅದಕ್ಕೆ ಗೊತ್ತಾಗಿದೆ" ಎಂದಳು ಅಕ್ಕ. ಎಲ್ಲರಿಗೂ ಸರಿ ಎನಿಸಿತು. ನನಗೂ ಎನಿಸಿತು.

ರಕ್ತಪರೀಕ್ಷೆಯ ದಿನ ಆಸ್ಪತ್ರೆಯಿಂದ ಫೋನು ಬಂತು, ಯಾಕೆ ಬರಲಿಲ್ಲ ಎಂದು. "ಗೋಡೆ ಕಣ್ಣು ಬಿಟ್ಟಿದೆ" ಎಂದರು ಭಾವ. "ಓ, ಹಾಗಾದ್ರೆ ಬೇಡ ಬಿಡಿ. ಮಾತ್ರೆ, ಇಂಜೆಕ್ಷನ್ ನಿಲ್ಲಿಸ್ಬೇಡಿ. ಸ್ಕ್ಯಾನಿಗೆ ಬನ್ನಿ ಸಾಕು" ಎಂದಳು ನರ್ಸು. ಗೋಡೆ ಹೇಳಿದ ಮೇಲೆ ನಮ್ಮೂರಲ್ಲಿ ಯಾರೂ ರಕ್ತ ಕೊಡುವುದಿಲ್ಲ. ಕೊಟ್ಟರೆ ಗೋಡೆಗೆ ಅವಿಶ್ವಾಸ ತೋರಿಸಿದಂತೆ.

ಅತ್ತೆ ಒಂದು ದಿನ ನನ್ನ ಚಾಪೆಯನ್ನು ಬೇರೆ ಕಡೆ ಹಾಸಲು ನೋಡಿದರು. ಅವರು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಗಂಡ ಸತ್ತವಳ ಬೆನ್ನು ಹೊಸ ಕಿಟಕಿಗೆ ತಾಗುವುದು ಅವರಿಗೆ ಕಸಿವಿಸಿ. ಅಕ್ಕ ಚಾಪೆಯ ಇನ್ನೊಂದು ತುದಿ ಹಿಡಿದು ಜಗ್ಗಿದಳು. "ಇಲ್ಲೇ ಇರ್ಲಿ ಅತ್ತೆ. ಇವಳು ಇದ್ರೆ ನಂಗೆ ನಿದ್ದೆ ಬರುತ್ತೆ. ನನ್ನ ಮಗೂನ ಇವಳು ಕಾಯ್ತಾಳೆ."

ಕಾಯ್ದೆ. ಕಿಟಕಿ ನಿಂಬೆಹಣ್ಣಿನಷ್ಟಾಯಿತು, ಅಂಗೈಯಷ್ಟಾಯಿತು. ಬೀದಿಯ ಸದ್ದು ಒಳಗೆ ಬರತೊಡಗಿತು. ಸೈಕಲ್ಲಿನ ಗಂಟೆ, ಹೂವಿನವಳ ಕೂಗು. ಅಕ್ಕ ತನ್ನ ಧಾರೆ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದಳು. ಅರಿಶಿನ ಬಣ್ಣ, ಕೆಂಪಂಚು. ಕತ್ತರಿ ಹಿಡಿದು ನನ್ನ ಕಡೆ ನೋಡಿ "ನಾನು ಯಾವ ಕಡೆ ತಿರುಗ್ಲಿ ಈಗ?" ಎಂದು ನಕ್ಕಳು. ಈ ಮನೆಗೆ ಬಂದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಕತ್ತರಿ ಹಾಕಿದಳು. ಬೇರೆಯವರಿಗೆ ಒಂದು ಹೊಲಿಗೆ ಹಾಕುವ ಕಡೆ ಇದಕ್ಕೆ ಎರಡು ಹೊಲಿಗೆ ಹಾಕಿದಳು.

ಅವಳಿಗೆ ಹಸಿವು ಹೆಚ್ಚಾಯಿತು. ಕೆನ್ನೆ ತುಂಬಿಕೊಂಡಿತು. "ನಂಗೆ ವಾಕರಿಕೆಯೇ ಇಲ್ಲ ನೋಡು, ಒಳ್ಳೇ ಮಗು" ಎನ್ನುತ್ತಿದ್ದಳು. ಬಚ್ಚಲಿನಿಂದ ಬಾಯಿ ತೊಳೆದುಕೊಂಡು ಬರುವ ನನ್ನನ್ನು ನೋಡಿ, "ನಿಂದಿನ್ನೂ ನಿಂತಿಲ್ವೇನೇ? ಡಾಕ್ಟ್ರಿಗೆ ತೋರಿಸೋಣ, ನನ್ನ ಜೊತೆ ಬಾ" ಎಂದಳು. ಸ್ಕ್ಯಾನಿನ ದಿನ ನಾನು ಹೋದದ್ದು ಹಾಗೆ.

ಭಾವ ಹೊರಗೆ ಬೆಂಚಿನ ಮೇಲೆ ಉಳಿದರು. ಸ್ಕ್ಯಾನಿನ ತೆರೆಯನ್ನು ನೋಡುವ ಶಕ್ತಿ ತಮಗಿಲ್ಲ, ಹಿಂದಿನ ಸಲದ್ದೇ ಸಾಕು ಎಂದರು. ಒಳಗೆ ಕತ್ತಲೆ. ಅಕ್ಕ ಮೇಜಿನ ಮೇಲೆ ಮಲಗಿ ನನ್ನ ಕೈ ಹಿಡಿದುಕೊಂಡಳು. ಡಾಕ್ಟರ್ ಅನಸೂಯ ಮೊದಲು ಕೇಳಿದ್ದು ಗೋಡೆಯನ್ನು. "ಎಷ್ಟಾಗಿದೆ?" "ಅಂಗೈ ಅಗಲ, ಮೇಡಂ." "ಪರವಾಗಿಲ್ವೆ!" ಎಂದು ನಗುತ್ತಲೇ ನೋಡತೊಡಗಿದರು. ಒಂದು ಕಡೆಯಿಂದ ನೋಡಿದರು. ಇನ್ನೊಂದು ಕಡೆಯಿಂದ ನೋಡಿದರು. ನಗು ಹೋಯಿತು. ತೆರೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು.

"ಶಾಂಭವಿ, ಇಲ್ಲಿ ಏನೂ ಕಾಣ್ತಿಲ್ಲ."

"ಸರಿಯಾಗಿ ನೋಡಿ ಮೇಡಂ."

"ನೋಡ್ದೆ."

"ಇನ್ನೊಂದ್ಸಲ ನೋಡಿ. ಕಿಟಕಿ ಇದೆ ಮೇಡಂ. ನಿನ್ನೆ ಪರದೆ ಹಾಕ್ದೆ."

ಡಾಕ್ಟರು ಇನ್ನೊಂದು ಸಲ ನೋಡಿದರು, ಅದು ಅಕ್ಕನಿಗಾಗಿ. ಆಮೇಲೆ ಕೈ ತೆಗೆದು, "ನಿಮ್ಮನೇಲಿ ಇನ್ಯಾರು ಹೆಂಗಸರಿದಾರೆ?" ಎಂದರು.

ಅಕ್ಕ ನಕ್ಕಳು. "ನಮ್ಮತ್ತೆ ಇದಾರೆ. ಎಪ್ಪತ್ತಾಯ್ತು, ಅವರಿಗೇನು..." ಎಂದವಳು ಅಲ್ಲಿಗೇ ನಿಂತಳು. ನನ್ನ ಕೈ ಇನ್ನೂ ಅವಳ ಕೈಯಲ್ಲಿತ್ತು. ತಲೆ ತಿರುಗಿಸಿ ನನ್ನನ್ನು ನೋಡಿದಳು. ಮುಖ ನೋಡಲಿಲ್ಲ. ಹೊಟ್ಟೆ ನೋಡಿದಳು. ಕೈ ಬಿಟ್ಟಳು.

ನಾನು ಅದೇ ಮೇಜಿನ ಮೇಲೆ ಮಲಗಿದೆ. ಹಾಸಿದ್ದ ಬಟ್ಟೆ ಅವಳ ಮೈಯಿಂದ ಇನ್ನೂ ಬೆಚ್ಚಗಿತ್ತು. ಹೊಟ್ಟೆಯ ಮೇಲೆ ಹಚ್ಚಿದ್ದು ತಣ್ಣಗಿತ್ತು. ಡಾಕ್ಟರು ಏನೋ ಗುಂಡಿ ಒತ್ತಿದರು. ಕತ್ತಲ ಕೋಣೆಯ ತುಂಬ ಸದ್ದು ತುಂಬಿತು. ಅಕ್ಕನ ಹೊಲಿಗೆಯಂತ್ರ ಉದ್ದನೆಯ ಅಂಚಿಗೆ ಬಿದ್ದಾಗ, ಕಾಲು ನಿಲ್ಲಿಸದೆ ಮೆಟ್ಟಿದಾಗ ಬರುವಂಥದೇ ಸದ್ದು. ಅದು ನನ್ನೊಳಗಿಂದ ಬರುತ್ತಿದೆ ಎಂದು ನನಗೆ ತಕ್ಷಣ ತಿಳಿಯಲಿಲ್ಲ. ಯಂತ್ರ ಎಲ್ಲಿದೆ ಎಂದು ಕೋಣೆಯ ಮೂಲೆ ನೋಡಿದೆ.

"ಮೂರು ತಿಂಗಳು ತುಂಬ್ತಾ ಬಂದಿದೆ" ಎಂದರು ಡಾಕ್ಟರು. ಆಮೇಲೆ, ನನಗೋ ಅಕ್ಕನಿಗೋ, "ಅವರು ಹೋಗೋಕೆ ಮುಂಚಿನದೇ. ಇಷ್ಟು ದಿನ ಗೋಡೆ ಸುಮ್ಮನಿತ್ತಾ?" ಎಂದರು.

"ಇವಳು ಗೋಡೆ ಹತ್ರ ಇರಲಿಲ್ಲ. ನಡುಮನೇಲಿದ್ಲು" ಎಂದಳು ಅಕ್ಕ. ಸೀರೆಯ ನೆರಿಗೆ ಸಿಕ್ಕಿಸಿಕೊಳ್ಳಲು ಹೋಗಿ ಬಿಟ್ಟು, ಮತ್ತೆ ಹಿಡಿದು, "ಎಂಎಸ್ಸಿ ಓದಿದವಳು. ನಿನ್ನ ಮೈಯಲ್ಲಿ ಏನಾಗ್ತಿದೆ ಅಂತ ನಿಂಗೆ ಗೊತ್ತಾಗ್ಲಿಲ್ವೇನೇ?" ಎಂದಳು. ನನಗೆ ಗೊತ್ತಾಗಿರಲಿಲ್ಲ. ಮುಟ್ಟು ನಿಂತದ್ದು ಗೊತ್ತಿತ್ತು. ಎಲ್ಲವೂ ನಿಂತಿತ್ತಲ್ಲ, ಅದೂ ನಿಂತಿದೆ ಎಂದುಕೊಂಡಿದ್ದೆ.

ಆಟೋದಲ್ಲಿ ಭಾವ ನಮ್ಮಿಬ್ಬರ ಮಧ್ಯೆ ಕೂತರು. ಸ್ವಲ್ಪ ದೂರ ಹೋದ ಮೇಲೆ, ಧೈರ್ಯ ತಂದುಕೊಂಡು, "ಏನಂದ್ರು?" ಎಂದರು.

"ಮಗು ಚೆನ್ನಾಗಿದೆಯಂತೆ" ಎಂದಳು ಅಕ್ಕ.

ಭಾವ ಎರಡೂ ಕೈ ಎತ್ತಿ ಆಟೋದ ಟಾರ್ಪಾಲಿಗೇ ಮುಗಿದರು.

"ನಂದಲ್ಲ" ಎಂದಳು ಅಕ್ಕ.

ಆಟೋದವನು ಕನ್ನಡಿಯಲ್ಲಿ ನಮ್ಮನ್ನು ನೋಡಿದ. ಭಾವನ ಕೈ ಮೇಲೆಯೇ ಇತ್ತು. ಇಳಿಸುವುದು ಅವರಿಗೆ ಹೊಳೆಯಲಿಲ್ಲ. ಸಂತೆಪೇಟೆ ದಾಟುವವರೆಗೆ ಹಾಗೇ ಮುಗಿದುಕೊಂಡು ಕೂತಿದ್ದರು.

ಅತ್ತೆ ಬಾಗಿಲಲ್ಲಿ ಕಾಯುತ್ತಿದ್ದರು. ಹೇಳಿದವಳು ಅಕ್ಕನೇ, ಚಪ್ಪಲಿ ಬಿಡುತ್ತಾ, ಪೇಟೆಯಲ್ಲಿ ಏನು ಸಿಕ್ಕಿತು ಏನು ಸಿಗಲಿಲ್ಲ ಎಂದು ಹೇಳುವ ಹಾಗೆ. ಅತ್ತೆ ಅಕ್ಕನನ್ನು ನೋಡಿದರು. ನನ್ನನ್ನು ನೋಡಿದರು. ಅವರ ತುಟಿ ಅಳುವುದಕ್ಕೋ ನಗುವುದಕ್ಕೋ ಅದುರಿತು. ಸತ್ತ ಮಗನ ಮಗು. ಅಕ್ಕನ ಎದುರು ಅದನ್ನು ಮುಖದ ಮೇಲೆ ತರುವ ಹಾಗಿರಲಿಲ್ಲ. ಅವರು ಸರಸರ ಹಿತ್ತಲಿಗೆ ಹೋದರು. ನಲ್ಲಿಯನ್ನು ಪೂರ್ತಿ ತಿರುಗಿಸಿ ಖಾಲಿ ಬಕೆಟ್ಟಿಗೆ ಬಿಟ್ಟ ಸದ್ದು ಕೇಳಿತು. ಬಕೆಟ್ಟು ತುಂಬಿ ಹರಿದರೂ ನಲ್ಲಿ ನಿಲ್ಲಲಿಲ್ಲ.

ಅಕ್ಕ ಕೋಣೆಗೆ ಹೋಗಿ ಪರದೆ ಬಿಚ್ಚಿದಳು. ನಾಲ್ಕು ಮಡಿಕೆ ಮಾಡಿ ಪೆಟ್ಟಿಗೆಯಲ್ಲಿಟ್ಟಳು. ನಾನು ನನ್ನ ಚಾಪೆ ಸುತ್ತಿಕೊಂಡೆ. ಅವಳು ಬೇಡ ಎನ್ನಲಿಲ್ಲ. ನಡುಮನೆಯ ಮಧ್ಯದಲ್ಲಿ, ಮೊದಲಿದ್ದ ಜಾಗದಲ್ಲೇ ಹಾಸಿದೆ.

ಅಕ್ಕ ಇಂಜೆಕ್ಷನ್ ನಿಲ್ಲಿಸಿದಳು. ಕೆಲವೇ ದಿನಗಳಲ್ಲಿ ಅವಳಿಗೆ ಮುಟ್ಟಾಯಿತು. ದಾಕ್ಷಾಯಣಮ್ಮ ಬಾಗಿಲವರೆಗೆ ಬಂದು, ಒಳಗೆ ಬರದೆ, ಹಬ್ಬದ ಮಾತೇನೋ ಆಡಿ ಹೋದರು. ಹೊಲಿಗೆಯಂತ್ರ ಮಾತ್ರ ಬೆಳಗಿನಿಂದ ಸಂಜೆಯವರೆಗೆ ಓಡುತ್ತಿತ್ತು. ಅಷ್ಟು ಪರದೆ ಯಾರಿಗೆ ಬೇಕಿತ್ತೋ. ಅದರ ಸದ್ದು ಕೇಳಿದಾಗೆಲ್ಲ ನಾನು ಹೊಟ್ಟೆಯ ಮೇಲೆ ಕೈ ಇಡುತ್ತಿದ್ದೆ. ಸಂತೋಷವೆಂದು ಅಲ್ಲ. ಎರಡು ಸದ್ದೂ ಒಂದೇ ಹೌದೇ ಎಂದು ನೋಡಲು. ಮಗು ಬೇಕೇ ಎಂದು ಯಾರೂ ಕೇಳಲಿಲ್ಲ. ಉಮಾಪತಿ ನನಗೆ ಹೇಳದೆ ಏನನ್ನೋ ಬಿಟ್ಟುಹೋಗಿದ್ದ. ಅವನಿಗೂ ಗೊತ್ತಿರಲಿಲ್ಲ.

ಒಂದು ಬೆಳಗ್ಗೆ ಅತ್ತೆ ಅಕ್ಕನ ಕೋಣೆ ಗುಡಿಸಿ ಬಂದವರು ಪೊರಕೆ ಹಿಡಿದುಕೊಂಡೇ ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತರು.

"ಮೊನ್ನೆ ನನ್ನ ಕೈ ಹಿಡಿಸ್ತಿತ್ತು. ಇವತ್ತು ಬೆರಳಷ್ಟೇ ಹೋಗುತ್ತೆ" ಎಂದರು ಪಿಸುದನಿಯಲ್ಲಿ. "ಮುಚ್ಕೋತಾ ಇದೆ ಕಣಮ್ಮ."

ಅತ್ತೆ ಇನ್ನೂ ಹತ್ತಿರ ಸರಿದರು.

"ಬೇರೆ ಗೋಡೆ ಆಗಲ್ಲ. ಒಂದು ಸಲ ಎಲ್ಲಿ ಬಿಟ್ಟಿತೋ ಅಲ್ಲೇ. ನಿನ್ನ ಬೆನ್ನು ಅಲ್ಲೇ ತಾಗಬೇಕು."

"ಅದು ಅಕ್ಕನ ಕೋಣೆ" ಎಂದೆ.

"ನಾನು ಅವಳನ್ನ ಹೇಗೆ ಕೇಳ್ಲಿ? ಯಾವ ಮುಖ ಇಟ್ಕೊಂಡು ಕೇಳ್ಲಿ? ಇಷ್ಟು ವರ್ಷ ಆ ಸೂಜಿ ಚುಚ್ಚಿಸ್ಕೊಂಡವಳನ್ನ?" ಅತ್ತೆ ಪೊರಕೆಯನ್ನು ನೆಲಕ್ಕೆ ಕುಟ್ಟಿದರು. "ಕೇಳ್ದೆ ಹೇಗಿರ್ಲಿ? ಅವನದು ಅಂತ ಇನ್ನೇನಿದೆ ಈ ಮನೇಲಿ?"

ಹೊಲಿಗೆಯಂತ್ರ ನಿಂತಿತ್ತು. ಯಾವಾಗ ನಿಂತಿತೋ ನಾವು ಗಮನಿಸಿರಲಿಲ್ಲ. ಅಕ್ಕ ಬಾಗಿಲಲ್ಲಿ ನಿಂತಿದ್ದಳು, ಕುತ್ತಿಗೆಯಲ್ಲಿ ಅಳತೆಪಟ್ಟಿ ನೇತಾಡುತ್ತಿತ್ತು.

"ಏಳೇ" ಎಂದಳು.

ನಾನು ಎದ್ದು ಕೂತೆ.

"ನಾನು ಗೋಡೆಗೆ ತಾಗಿ ಮಲಗಿ ಮಲಗಿ ಬೆನ್ನಿನ ಚರ್ಮ ಸವೆಸ್ಕೊಂಡಿದೀನಿ. ನೀನಿಲ್ಲಿ ರಾಣಿ ಥರ ನಡುಮನೇಲಿ ಬಿದ್ಕೊಂಡು ಅದನ್ನ ಮುಚ್ಚಿಸ್ತೀಯಾ? ನನ್ನ ಮೇಲೆ ಕರುಣೆನಾ? ನನ್ನ ಸಲುವಾಗಿ ಅಂತ ಅದು ಹೋದ್ರೆ, ಆ ಗೂಡನ್ನೂ ನಾನೇ ಒರೆಸ್ಬೇಕಾ? ಮೂರು ಸಾಲದಾ ನಂಗೆ?" ಅವಳ ದನಿ ಬೀದಿಗೆ ಕೇಳುವಷ್ಟು ಏರಿತ್ತು. ಅತ್ತೆ ಅವಳ ಕೈ ಹಿಡಿಯಲು ಹೋದರು. ಅಕ್ಕ ಕೊಡವಿಕೊಂಡಳು. ಬಗ್ಗಿ ನನ್ನ ಚಾಪೆಯನ್ನು ಎಳೆದಳು. ನಾನಿನ್ನೂ ಅದರ ಮೇಲಿದ್ದೆ. "ಏಳು ಅಂದೆ."

ಎದ್ದೆ. ಅವಳು ಚಾಪೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮುಂದೆ ನಡೆದಳು, ನಾನು ಹಿಂದೆ. ಕೋಣೆಯಲ್ಲಿ ಮೂಡಣ ಗೋಡೆಯ ಬುಡದಿಂದ ಬೆಳಗಿನ ಬಿಸಿಲು ಒಂದು ಕಡ್ಡಿಯ ಹಾಗೆ ನೆಲದ ಮೇಲೆ ಬಿದ್ದಿತ್ತು. ಅಕ್ಕ ಅದನ್ನು ನೋಡಿ ಒಂದು ಗಳಿಗೆ ನಿಂತಳು. ಆಮೇಲೆ ಚಾಪೆಯನ್ನು ಮೂಲೆಗೆ ಎಸೆದು, ಮಂಚದ ಮೇಲಿದ್ದ ತನ್ನ ಹತ್ತಿಯ ಹಾಸಿಗೆಯನ್ನು ಎಳೆದು ಕಿಟಕಿಯ ಪಕ್ಕಕ್ಕೆ ಹಾಕಿದಳು. ಪೂರ್ತಿ ಬಿಚ್ಚಲು ಜಾಗ ಸಾಲಲಿಲ್ಲ. ಮಂಚ ಅಡ್ಡ ಬಂತು.

"ಈ ದರಿದ್ರ ಮಂಚ ಹೊರಗೆ ಹಾಕ್ತೀನಿ. ಇಬ್ರೂ ಕೆಳಗೇ ಮಲಗೋಣ" ಎಂದಳು. ನಾನು ಮಂಚದ ಕಾಲು ಹಿಡಿಯಲು ಬಗ್ಗಿದೆ. "ಮುಟ್ಟಬೇಡ! ಭಾರ ಎತ್ತಬಾರ್ದು. ಒಂದು ಮಾತೂ ಗೊತ್ತಿಲ್ಲ ಇವಳಿಗೆ. ಹೋಗಿ ಅಲ್ಲಿ ಬಿದ್ಕೊ, ಬೆನ್ನು ತಾಗಿಸು" ಎಂದು ಗದರಿದಳು.

ಮಲಗಿದೆ. ಬೆನ್ನು ತಾಗಿಸಿದೆ. ಗೋಡೆ ತಣ್ಣಗಿತ್ತು. ಅಕ್ಕ ಸೆರಗು ಸಿಕ್ಕಿಸಿಕೊಂಡು, ಕಾಲನ್ನು ನೆಲಕ್ಕೆ ಒತ್ತಿ, ಮಂಚವನ್ನು ಒಬ್ಬಳೇ ಎಳೆದಳು. ಅದು ಕಿರುಗುಟ್ಟುತ್ತಾ ಸರಿಯಿತು. ತಲೆಹಲಗೆ ಪಡುವಣ ಗೋಡೆಯಿಂದ ಬಿಟ್ಟುಕೊಂಡಿತು. ಒಂದಿಷ್ಟು ಸುಣ್ಣದ ಪುಡಿ ಉದುರಿತು.

ಅಕ್ಕ ಮಂಚವನ್ನು ಬಿಟ್ಟಳು.

ಹಲಗೆ ಮರೆಮಾಡಿದ್ದ ಜಾಗದಲ್ಲಿ, ಅವಳ ದಿಂಬಿನ ಎತ್ತರಕ್ಕೆ, ಗೋಡೆಯ ಮೇಲೆ ಒಂದು ಗುರುತಿತ್ತು. ಮರ ಉಜ್ಜಿ ಆದದ್ದಿರಬೇಕು ಎಂದುಕೊಂಡೆ. ಅವಳೂ ಹಾಗೇ ಎಂದುಕೊಂಡಿರಬೇಕು. ಹತ್ತಿರ ಹೋಗಿ, ಉಫ್ ಎಂದು ಪುಡಿ ಊದಿ, ಕಿರುಬೆರಳಿನಿಂದ ಮುಟ್ಟಿದಳು. ಬೆರಳು ಮೊದಲ ಗೆಣ್ಣಿನವರೆಗೆ ಒಳಗೆ ಹೋಯಿತು. ಮರ ಉಜ್ಜಿದ ಗುರುತು ಅಷ್ಟು ದುಂಡಗಿರುವುದಿಲ್ಲ. ಅಷ್ಟು ನುಣ್ಣಗಿರುವುದಿಲ್ಲ.

ಅತ್ತೆ ಬಾಗಿಲಲ್ಲಿ ಬಂದು ನಿಂತರು. ಗುಳಿಯನ್ನು ಕಂಡು ಚೌಕಟ್ಟು ಹಿಡಿದುಕೊಂಡರು.

ಅಕ್ಕ ಮೆಲ್ಲಗೆ ಗೋಡೆಯ ಬುಡದಲ್ಲಿ ಮಂಡಿಯೂರಿ ಕೂತಳು. ಬೆರಳನ್ನು ತೆಗೆಯಲಿಲ್ಲ.

"ಬಂದಿತ್ತು" ಎಂದಳು. ನಮಗೆ ಹೇಳಿದ ಹಾಗಿರಲಿಲ್ಲ. "ಬಂದಿತ್ತು ಕಣೆ ಹೈಮಾ. ಇಲ್ಲೇ ನನ್ನ ತಲೆ ಹತ್ರ ಇತ್ತು. ನಾನು ಆ ಕಡೆ ನೋಡ್ತಾ ಕೂತಿದ್ದೆ."

ಜಗುಲಿಯಲ್ಲಿ ಭಾವ ಕೆಮ್ಮಿದರು. ಬೀದಿಯಲ್ಲಿ ಹೂವಿನವಳು ಕೂಗಿಕೊಂಡು ಹೋದಳು. ಅವಳ ಕೂಗು ನನ್ನ ಬೆನ್ನ ಹಿಂದಿನಿಂದ ಒಳಗೆ ಬಂದು ಕೋಣೆ ದಾಟಿ ಹೋಯಿತು. ಆಗ ನನಗೆ ಅಳು ಬಂತು. ಉಮಾಪತಿಗಾಗಿಯೋ, ಆ ಕಿರುಬೆರಳಿಗಾಗಿಯೋ ತಿಳಿಯದು. ಸದ್ದಾಗದಂತೆ ಅಳುತ್ತಾ ಮಲಗಿದ್ದೆ. ನನ್ನ ಮೈ ಬಿಸಿಲಿಗೆ ಅಡ್ಡವಾಗಿತ್ತು. ಬೆನ್ನನ್ನು ಗೋಡೆಯಿಂದ ಬಿಡಿಸದೆ ಸ್ವಲ್ಪವೇ ಮೇಲಕ್ಕೆ ಸರಿದೆ. ಬಿಸಿಲಿನ ಕಡ್ಡಿ ನೆಲದ ಮೇಲೆ ಉದ್ದವಾಗಿ, ಮಂಚದ ಕೆಳಗೆ ತೂರಿ, ಅಕ್ಕನ ಹಿಮ್ಮಡಿಯನ್ನು ಮುಟ್ಟಿತು.

"ಪರದೆ ಹಾಕ್ಬೇಕಲ್ಲಮ್ಮ ಶಾಂಭವಿ" ಎಂದರು ಅತ್ತೆ, ಹೆದರುತ್ತಾ.

"ಪೆಟ್ಟಿಗೇಲಿದೆ. ಹಾಕ್ತೀನಿ ಅತ್ತೆ" ಎಂದಳು ಅಕ್ಕ, ತಿರುಗದೆ. "ಒಂದು ಗಳಿಗೆ ತಡೀರಿ. ಇಲ್ಲಿ ಕತ್ತಲೆ ಇದೆ."